ನಾಲ್ಕನೇ ಕೈಗೆ ಬಂದ ಫಿಯಾಟ್: ನಮ್ಮ ಸೀಮೆಯ ಸಣ್ಣ ಕಾರಿನ ಇತಿಹಾಸ

ಗದಗ ಸೀಮೆಯ ಹಳ್ಳಿಗಳಲ್ಲಿ ಅರವತ್ತು ದಾಟಿದವರ ಹತ್ತಿರ ಹಳೇ ಕಾರಿನ ಮಾತು ತೆಗೆದರೆ ಎರಡು ಹೆಸರು ಬರುತ್ತವೆ. ಒಂದು ಅಂಬಾಸಿಡರ್, ಇನ್ನೊಂದು ಫಿಯಾಟ್. ಅಂಬಾಸಿಡರ್ ಅಂದರೆ ಸಾಹೇಬರದು, ಮಂತ್ರಿಗಳದು. ಫಿಯಾಟ್ ಅಂದರೆ ಡಾಕ್ಟರದು, ಅಡತಿ ಅಂಗಡಿ ಸಾಹುಕಾರರದು, ಆಮೇಲೆ ನಮ್ಮಂಥವರದು.

ಈ ‘ಆಮೇಲೆ’ ಅನ್ನುವ ಮಾತೇ ಮುಖ್ಯ. ಕಂಪನಿ ಬರೆಯುವ ಇತಿಹಾಸ ಕಾರು ಅಂಗಡಿಯಿಂದ ಹೊರಬಿದ್ದ ದಿನಕ್ಕೆ ಮುಗಿಯುತ್ತದೆ. ಕುರ್ತಕೋಟಿಯಂಥ ಊರಿಗೆ ಕಾರು ಬರುತ್ತಿದ್ದದ್ದು ಅದಾಗಿ ಹತ್ತು-ಹದಿನೈದು ವರ್ಷ ಕಳೆದ ಮೇಲೆ, ಮೂರನೇ ಕೈಗೋ ನಾಲ್ಕನೇ ಕೈಗೋ. ಹೀಗಾಗಿ ಹಳ್ಳಿಯ ಕಾರಿನ ಇತಿಹಾಸ ಯಾವ ಕಂಪನಿಯ ಪುಸ್ತಕದಲ್ಲೂ ಸಿಗುವುದಿಲ್ಲ. ಅದು ಇರುವುದು ಓಡಿಸಿದವರ ನೆನಪಿನಲ್ಲಿ, ರಿಪೇರಿ ಮಾಡಿದ ಮಿಸ್ತ್ರಿಗಳ ಕೈಯಲ್ಲಿ, ಮತ್ತು ಮನೆಯ ಟ್ರಂಕಿನಲ್ಲಿ ಉಳಿದ ಹಳೇ ಆರ್.ಸಿ. ಪುಸ್ತಕದಲ್ಲಿ.

ಮುಂಬೈಯಲ್ಲಿ ಹುಟ್ಟಿದ ಗಾಡಿ

ಫಿಯಾಟ್ ಮೂಲದಲ್ಲಿ ಇಟಲಿಯ ಕಾರು. ಅದನ್ನು ನಮ್ಮ ದೇಶದಲ್ಲಿ ತಯಾರಿಸಿದ್ದು ಪ್ರೀಮಿಯರ್ ಆಟೊಮೊಬೈಲ್ಸ್. ಉದ್ಯಮಿ ವಾಲಚಂದ್ ಹಿರಾಚಂದ್ 1944ರಲ್ಲಿ ಕಟ್ಟಿದ ಈ ಕಂಪನಿಯ ಕಾರ್ಖಾನೆ ಮುಂಬೈಯ ಕುರ್ಲಾದಲ್ಲಿತ್ತು. 1950ರ ದಶಕದಲ್ಲಿ ಅಲ್ಲಿಂದ ‘ಫಿಯಾಟ್ 1100’ ಹೊರಬರತೊಡಗಿತು. ನಾಲ್ಕು ಸಿಲಿಂಡರಿನ 1089 ಸಿ.ಸಿ. ಎಂಜಿನು, ಸುಮಾರು 40 ಕುದುರೆಯ ಶಕ್ತಿ. ಇವತ್ತಿನ ಲೆಕ್ಕಕ್ಕೆ ಇದು ಏನೂ ಅಲ್ಲ. ಆದರೆ ಚಕ್ಕಡಿ ಮತ್ತು ಸೈಕಲ್ಲಿನ ಕಾಲದಲ್ಲಿ ಇದೇ ದೊಡ್ಡ ಮಾತು.

ಆಗ ನಾವೂ ಮುಂಬೈಯವರೇ ಆಗಿದ್ದೆವು ಅನ್ನುವುದನ್ನು ಮರೆಯಬಾರದು. 1956ರ ನವೆಂಬರ್ 1ರವರೆಗೆ ಗದಗ ತಾಲೂಕು ಧಾರವಾಡ ಜಿಲ್ಲೆಯ ಭಾಗ, ಧಾರವಾಡ ಜಿಲ್ಲೆ ಮುಂಬೈ ರಾಜ್ಯದ ಭಾಗ. ನಮ್ಮ ಎರಿ ಹೊಲದ ಹತ್ತಿ ಮುಂಬೈ ಪೇಟೆಗೆ ಹೋಗುತ್ತಿತ್ತು. ವ್ಯಾಪಾರಿಗಳ ನಂಟು, ದಲಾಲರ ನಂಟು, ಓದಿಗೆ ಹೋದವರ ನಂಟು ಎಲ್ಲ ಆ ಕಡೆಗೇ ಇತ್ತು. ಹುಬ್ಬಳ್ಳಿ-ಗದಗದ ಗ್ಯಾರೇಜುಗಳಿಗೆ ಕೋಲ್ಕತ್ತಾ ಕಡೆಯ ಅಂಬಾಸಿಡರಿನಷ್ಟೇ, ಕೆಲವು ಕಡೆ ಅದಕ್ಕಿಂತ ಹೆಚ್ಚಾಗಿ, ಮುಂಬೈಯ ಫಿಯಾಟು ಕೈಗೆ ಹತ್ತಿದ್ದರಲ್ಲಿ ಆಶ್ಚರ್ಯವೇನಿಲ್ಲ.

ರೊಕ್ಕ ಇದ್ದರೂ ಕಾರು ಇಲ್ಲ

ಸ್ವಾತಂತ್ರ್ಯದ ನಂತರ ಸರ್ಕಾರ ಹೊರದೇಶದ ಕಾರುಗಳಿಗೆ ಬಾಗಿಲು ಹಾಕಿತು. ದೇಶದಲ್ಲಿ ಕಾರು ಮಾಡುತ್ತಿದ್ದವರು ಮುಖ್ಯವಾಗಿ ಮೂವರೇ: ಅಂಬಾಸಿಡರಿನ ಹಿಂದುಸ್ತಾನ್ ಮೋಟರ್ಸ್, ಫಿಯಾಟಿನ ಪ್ರೀಮಿಯರ್, ಮತ್ತು ‘ಹೆರಾಲ್ಡ್’ ಕಾರು ಮಾಡುತ್ತಿದ್ದ ಮದ್ರಾಸಿನ ಸ್ಟ್ಯಾಂಡರ್ಡ್. ಎಷ್ಟು ಕಾರು ಮಾಡಬೇಕು ಅನ್ನುವುದಕ್ಕೂ ಲೈಸೆನ್ಸು ಬೇಕಿತ್ತು. 1970ರ ದಶಕದಲ್ಲಿ ಇಡೀ ದೇಶದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕಾರುಗಳ ಸಂಖ್ಯೆ 50,000 ಕೂಡ ಮುಟ್ಟುತ್ತಿರಲಿಲ್ಲ. ಬೆಲೆಯನ್ನೂ ಸರ್ಕಾರವೇ ಕಟ್ಟುತ್ತಿತ್ತು. ಆ ಬೆಲೆಯ ಜಗಳ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಹತ್ತಿತ್ತು.

ಹೀಗಾಗಿ ಹೊಸ ಫಿಯಾಟ್ ಬೇಕಾದವರು ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹೆಸರು ಬರೆಸುವಾಗ ಹುಟ್ಟಿದ ಕೂಸು ಕಾರು ಬರುವಷ್ಟರಲ್ಲಿ ಸಾಲಿಗೆ ಹೋಗುತ್ತಿತ್ತು. ಪ್ರಧಾನಿಯಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಮನೆಯವರು ಫಿಯಾಟ್ ಕೊಳ್ಳಬೇಕೆಂದಾಗ ಅದರ ಬೆಲೆ 12,000 ರೂಪಾಯಿ. ಕೈಯಲ್ಲಿದ್ದದ್ದು 7,000. ಉಳಿದ 5,000 ರೂಪಾಯಿಯನ್ನು ಅವರು ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಸಾಲ ತೆಗೆದರು. 1966ರಲ್ಲಿ ಅವರು ತೀರಿಕೊಂಡಾಗ ಸಾಲ ಬಾಕಿ ಇತ್ತು. ಪತ್ನಿ ಲಲಿತಾ ಶಾಸ್ತ್ರಿ ತಮ್ಮ ಪಿಂಚಣಿಯಿಂದ ಅದನ್ನು ತೀರಿಸಿದರು. ದೇಶದ ಪ್ರಧಾನಿಗೇ ಸಾಲದ ಕಾರು ಅಂದ ಮೇಲೆ, ಮಳೆ ನಂಬಿದ ರೈತನಿಗೆ ಹೊಸ ಕಾರು ಕನಸಿನಲ್ಲೂ ಬರುವಂತಿರಲಿಲ್ಲ.

ನಮ್ಮದು ಸಹಕಾರಿ ಚಳವಳಿಯ ನೆಲ. 1905ರಲ್ಲೇ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದರು. ಸಂಘದಲ್ಲಿ ಬೀಜಕ್ಕೆ, ಗೊಬ್ಬರಕ್ಕೆ, ಎತ್ತಿಗೆ ಸಾಲ ಹುಟ್ಟುತ್ತಿತ್ತು. ಕಾರಿಗೆ ಮಾತ್ರ ರೊಕ್ಕ ಎಣಿಸಬೇಕಿತ್ತು.

ಹೆಸರು ಬದಲಾಯಿತು, ಬಾಯಿ ಬದಲಾಗಲಿಲ್ಲ

1970ರ ದಶಕದ ಆರಂಭದಲ್ಲಿ ಇಟಲಿಯ ಕಂಪನಿಯ ಜೊತೆಗಿನ ಒಪ್ಪಂದ ಮುಗಿಯಿತು. ಫಿಯಾಟ್ ಹೆಸರು ಬಳಸುವಂತಿರಲಿಲ್ಲ. ಕಾರು ಮೊದಲು ‘ಪ್ರೀಮಿಯರ್ ಪ್ರೆಸಿಡೆಂಟ್’ ಆಯಿತು, ಸ್ವಲ್ಪ ದಿನಕ್ಕೆ ‘ಪ್ರೀಮಿಯರ್ ಪದ್ಮಿನಿ’ ಆಯಿತು. ಚಿತ್ತೋಡದ ರಾಣಿಯ ಹೆಸರು. ಕಾರಿನ ಹಿಂದೆ ಪದ್ಮಿನಿ ಅಂತ ಬರೆದಿದ್ದರೂ ನಮ್ಮ ಕಡೆ ಯಾರೂ ಹಾಗೆ ಕರೆಯಲಿಲ್ಲ. ಕೊನೆಯವರೆಗೂ ಅದು ಫಿಯಾಟೇ. ಮುಂಬೈಯಲ್ಲಿ ಅದೇ ಗಾಡಿ ಕಪ್ಪು-ಹಳದಿ ಬಣ್ಣ ಬಳಿದುಕೊಂಡು ಟ್ಯಾಕ್ಸಿಯಾಯಿತು.

ಆರ್.ಸಿ. ಪುಸ್ತಕ ಹೇಳಿದ ಕಥೆ

1996ರಲ್ಲಿ ನಮ್ಮ ಕಾಕಾ ಒಂದು ಪದ್ಮಿನಿ ತಂದರು. ಅದು 1978ರ ಮಾಡೆಲ್ಲು. ಆ ವರ್ಷದ ಮೆಣಸಿನಕಾಯಿಯ ರೊಕ್ಕ ಮತ್ತು ಒಂದು ಜೋಡಿ ಎತ್ತು ಮಾರಿದ ರೊಕ್ಕ ಅದಕ್ಕೆ ಹೋಯಿತು. ಎತ್ತು ಹೊರಗೆ ಹೋದ ದಿನ ಅಜ್ಜಿ ಊಟ ಮಾಡಲಿಲ್ಲ.

ಆಗಿನ ಆರ್.ಸಿ. ಅಂದರೆ ಸಣ್ಣ ಪುಸ್ತಕ. ಗಾಡಿ ಕೈ ಬದಲಾದಾಗಲೆಲ್ಲ ಹೊಸ ಮಾಲೀಕರ ಹೆಸರು ಬರೆದು ಆರ್.ಟಿ.ಓ. ಶಿಕ್ಕಾ ಹೊಡೆಯುತ್ತಿದ್ದರು. ನಮ್ಮ ಪುಸ್ತಕದಲ್ಲಿ ಮೊದಲ ಹೆಸರು ಧಾರವಾಡದ ಒಬ್ಬ ಡಾಕ್ಟರದು. ಎರಡನೆಯದು ಹುಬ್ಬಳ್ಳಿಯ ಅರಿವೆ ವ್ಯಾಪಾರಿಯದು. ಮೂರನೆಯದು ಗದಗದ ಅಡತಿ ಅಂಗಡಿಯವರದು. ನಾಲ್ಕನೆಯದು ಕಾಕಾನದು. ನಗರದಿಂದ ಪೇಟೆಗೆ, ಪೇಟೆಯಿಂದ ಹಳ್ಳಿಗೆ ಕಾರು ಹೇಗೆ ಇಳಿದು ಬಂತು ಅನ್ನುವುದು ಆ ಒಂದು ಪುಟದಲ್ಲಿ ಪೂರ್ತಿ ಇತ್ತು.

ಓಡಿಸುವುದು ಒಂದು ವಿದ್ಯೆಯೇ ಆಗಿತ್ತು. ಗೇರು ಕೆಳಗಲ್ಲ, ಸ್ಟೇರಿಂಗಿನ ಪಕ್ಕದಲ್ಲಿ ಕಡ್ಡಿಯ ಹಾಗೆ ಇರುತ್ತಿತ್ತು. ಚಳಿಗಾಲದ ಮುಂಜಾನೆ ಚೋಕ್ ಎಳೆಯದೆ ಹೊತ್ತಿಕೊಳ್ಳುತ್ತಿರಲಿಲ್ಲ. ಹೆಚ್ಚು ಎಳೆದರೆ ಪ್ಲಗ್ಗಿಗೆ ಪೆಟ್ರೋಲು ಕುಡಿಸಿ ಕೂತುಬಿಡುತ್ತಿತ್ತು. ಆಗ ಪ್ಲಗ್ ಬಿಚ್ಚು, ಒರೆಸು, ಪಾಲಿಶ್ ಪೇಪರಿನಿಂದ ಪಾಯಿಂಟ್ ತಿಕ್ಕು. ಬೇಸಿಗೆಯಲ್ಲಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಒಮ್ಮೆಯಾದರೂ ನಿಲ್ಲಿಸಿ ರೇಡಿಯೇಟರಿಗೆ ನೀರು ಕೊಡಬೇಕು. ಡಿಕ್ಕಿಯಲ್ಲಿ ಬೇರೆ ಏನಿಲ್ಲದಿದ್ದರೂ ಒಂದು ಕ್ಯಾನು ನೀರು ಇರಲೇಬೇಕು. ಇದನ್ನೆಲ್ಲ ನನಗೆ ಕಲಿಸಿದ್ದು ಕಾಕಾ, ಸುಗ್ಗಿ ಮುಗಿದ ಖಾಲಿ ಕಣದಲ್ಲಿ.

ಸುಖವೂ ಇತ್ತು. ಮುಂದಿನ ಸೀಟು ಮಂಚದ ಹಾಗೆ ಉದ್ದಕ್ಕೆ ಒಂದೇ. ಡ್ರೈವರ್ ಪಕ್ಕ ಇಬ್ಬರು ಆರಾಮ ಕೂಡಬಹುದು. ಕಿಟಕಿಯ ಮೂಲೆಯ ತ್ರಿಕೋನದ ಗಾಜು ತಿರುಗಿಸಿದರೆ ಗಾಳಿ ನೇರ ಮುಖಕ್ಕೆ ಬರುತ್ತಿತ್ತು.

ಗಾಡಿಯ ದೊಡ್ಡ ವೈರಿ ನಮ್ಮ ಎರಿ ಮಣ್ಣು. ಒಣಗಿದಾಗ ಕಲ್ಲು, ಮಳೆ ಬಿದ್ದಾಗ ಅಂಟು. ಹಸಿ ಎರಿಯಲ್ಲಿ ಇಳಿದರೆ ಮಣ್ಣು ಚಕ್ರಕ್ಕೆ ಸುತ್ತಿ, ಮಡಗಾರ್ಡಿನ ಒಳಗೆ ತುಂಬಿ, ಚಕ್ರವೇ ತಿರುಗದ ಹಾಗೆ ಆಗುತ್ತಿತ್ತು. ಆಗ ಎತ್ತು ಹೂಡಿ ಎಳೆಯಬೇಕು. ಎತ್ತು ಮಾರಿ ತಂದ ಕಾರನ್ನು ಇನ್ನೊಬ್ಬರ ಎತ್ತು ಎಳೆಯುವುದನ್ನು ನೋಡಿ ಊರವರು ಆಡಿಕೊಳ್ಳದೆ ಬಿಡುತ್ತಿರಲಿಲ್ಲ.

ರಾತ್ರಿ ಹೊತ್ತಿನ ಬಾಗಿಲು

ಹಳ್ಳಿಯ ಕಾರು ಆರ್.ಸಿ.ಯಲ್ಲಿ ಒಬ್ಬರದು, ಬಳಕೆಯಲ್ಲಿ ಹಲವರದು. ಮದುಮಕ್ಕಳನ್ನು ಕರೆತರಲು ಅದೇ, ಜಾತ್ರೆಗೆ ಅದೇ, ಕಾಲೇಜಿಗೆ ಹಚ್ಚಲು ಮಗಳನ್ನು ಧಾರವಾಡಕ್ಕೆ ಬಿಡಲು ಅದೇ. ಎಲ್ಲಕ್ಕಿಂತ ಹೆಚ್ಚಾಗಿ ಆಸ್ಪತ್ರೆಗೆ ಅದೇ. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಶುರುವಾದದ್ದು 2008ರ ನವೆಂಬರಿನಲ್ಲಿ. ಅದಕ್ಕೂ ಮೊದಲು ನಡುರಾತ್ರಿ ಹೆರಿಗೆ ಬ್ಯಾನಿ ಎದ್ದರೆ, ಹಾವು ಕಡಿದರೆ, ಕೊನೆಯ ಬಸ್ಸು ಹೋದ ಮೇಲೆ ಇದ್ದ ದಾರಿ ಎರಡೇ: ಚಕ್ಕಡಿ ಅಥವಾ ಕಾರು ಇದ್ದವರ ಮನೆಯ ಬಾಗಿಲು. ಗದಗದ ಆಸ್ಪತ್ರೆಯಲ್ಲಿ ಆಗದಿದ್ದರೆ ಸುಮಾರು 60 ಕಿಲೋಮೀಟರ್ ಆಚೆಯ ಹುಬ್ಬಳ್ಳಿಯ ಕೆ.ಎಂ.ಸಿ.ಗೆ ಒಯ್ಯಬೇಕು. ಫಿಯಾಟಿನ ಹಿಂದಿನ ಸೀಟಿನಲ್ಲಿ ದಾರಿಯಲ್ಲೇ ಹುಟ್ಟಿದವರು ನಮ್ಮ ಸೀಮೆಯಲ್ಲಿ ಇವತ್ತಿಗೂ ಇದ್ದಾರೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಆ ಬಾಗಿಲು ಎಲ್ಲರಿಗೂ ಒಂದೇ ಥರ ತೆರೆಯುತ್ತಿರಲಿಲ್ಲ. ಕಾರು ಇರುತ್ತಿದ್ದದ್ದು ವಾಡೆಯಲ್ಲಿ, ದೊಡ್ಡ ಮನೆಗಳಲ್ಲಿ. ಕೇರಿಯಿಂದ ಎದ್ದು ಬಂದವರು ಹೊರಗೆ ನಿಂತು ಕೂಗಬೇಕಿತ್ತು. ಕೆಲವು ಮನೆಯವರು ಕೇಳಿದ ಕ್ಷಣಕ್ಕೆ ಚಾವಿ ಹಿಡಿದು ಹೊರಬರುತ್ತಿದ್ದರು. ಕೆಲವು ಮನೆಗಳಲ್ಲಿ ಪೆಟ್ರೋಲು ಇಲ್ಲ, ಡ್ರೈವರ್ ಇಲ್ಲ ಅನ್ನುವ ಉತ್ತರ ಬರುತ್ತಿತ್ತು. ಯಾರ ಕಾರು ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅನ್ನುವುದೂ ಊರಿನ ಇತಿಹಾಸವೇ. ಹಳೇ ಕಾರಿನ ಬಗ್ಗೆ ಪ್ರೀತಿಯಿಂದ ಮಾತಾಡುವಾಗ ಇದನ್ನು ಬಿಟ್ಟು ಮಾತಾಡಬಾರದು. 108 ಬಂದದ್ದರಿಂದ ಆದ ದೊಡ್ಡ ಬದಲಾವಣೆ ವೇಗವಷ್ಟೇ ಅಲ್ಲ. ಇನ್ನೊಬ್ಬರ ಬಾಗಿಲಲ್ಲಿ ನಿಂತು ಕೈಮುಗಿಯುವುದು ತಪ್ಪಿತು.

ಬೆಂಗಳೂರಿನ ಡಾಲ್ಫಿನ್, ಗುರಗಾಂವದ ಮಾರುತಿ

ನಮ್ಮ ರಾಜ್ಯದಲ್ಲೇ ಒಂದು ಸಣ್ಣ ಕಾರು ಹುಟ್ಟಿತ್ತು ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಬೆಂಗಳೂರಿನ ಸಿಪಾನಿ ಕಂಪನಿ 1970ರ ದಶಕದಲ್ಲಿ ‘ಬಾದಲ್’ ಅನ್ನುವ ಮೂರು ಚಕ್ರದ ಪುಟ್ಟ ಕಾರು ಮಾಡಿತು. 1980ರ ದಶಕದಲ್ಲಿ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಾರನ್ನು ಆಧರಿಸಿ ‘ಡಾಲ್ಫಿನ್’ ತಂದಿತು. ಎರಡು ಬಾಗಿಲು, 848 ಸಿ.ಸಿ. ಎಂಜಿನು, ತಗಡಿನ ಬದಲು ಫೈಬರಿನ ಮೈ. ತುಕ್ಕು ಹಿಡಿಯುತ್ತಿರಲಿಲ್ಲ. ತೂಕ ಕಡಿಮೆ ಇದ್ದದ್ದರಿಂದ ರೇಸಿನವರಿಗೂ ಅದು ಹಿಡಿಸಿತ್ತು. ಆದರೆ ಅದು ಬಂದ ಹೊತ್ತು ಚಲೋ ಇರಲಿಲ್ಲ.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ದೆಹಲಿಯ ಹರಪಾಲ್ ಸಿಂಗ್ ಅವರಿಗೆ ಮೊದಲ ಮಾರುತಿ 800ರ ಚಾವಿ ಕೊಟ್ಟರು. ಜಪಾನಿನ ಸುಜುಕಿಯ ವಿದ್ಯೆ, ಗುರಗಾಂವದ ಸರ್ಕಾರಿ ಕಾರ್ಖಾನೆ, 796 ಸಿ.ಸಿ. ಎಂಜಿನು. ಕಾರಿನ ಬೆಲೆ 47,500 ರೂಪಾಯಿ, ಮೇಲೆ ತೆರಿಗೆ, ವಿಮೆ. ಚಾವಿ ತಿರುಗಿಸಿದರೆ ಹೊತ್ತಿಕೊಳ್ಳುವ, ದಾರಿಯಲ್ಲಿ ನೀರು ಕೇಳದ ಕಾರು ಬಂದ ಮೇಲೆ ಡಾಲ್ಫಿನ್ ಉಳಿಯಲಿಲ್ಲ, ಪದ್ಮಿನಿಗೂ ಇಳಿಗಾಲ ಬಂತು.

ಹಳ್ಳಿಗೆ ಮಾರುತಿಯೂ ಬಂದದ್ದು ಹಳೇ ದಾರಿಯಲ್ಲೇ, ಪೇಟೆಯವರು ಓಡಿಸಿ ಬಿಟ್ಟ ಮೇಲೆ. ಎರಿ ಕೆಸರಿನಲ್ಲಿ ಅದರ ಸಣ್ಣ ಚಕ್ರ ಬೇಗ ಹೂತುಕೊಳ್ಳುತ್ತಿತ್ತು. ಆದರೆ ಎಷ್ಟು ಹಗುರ ಅಂದರೆ ಆರು ಜನ ಸೇರಿದರೆ ಎತ್ತಿ ಹೊರಗಿಡಬಹುದಿತ್ತು. 2010ರಲ್ಲಿ ಹೊಗೆಯ ಹೊಸ ನಿಯಮ ಬಂದು ಬೆಂಗಳೂರು ಸೇರಿ 13 ದೊಡ್ಡ ನಗರಗಳಲ್ಲಿ ಹೊಸ ಮಾರುತಿ 800ರ ಮಾರಾಟ ನಿಂತಿತು. ಉಳಿದ ಊರುಗಳಲ್ಲಿ ಅದು ಮುಂದುವರಿಯಿತು. 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ನಗರ ಬಿಟ್ಟ ಕಾರನ್ನು ಕೊನೆಯವರೆಗೆ ಸಾಕಿದವರು ಸಣ್ಣ ಊರಿನವರೇ.

ಪುಸ್ತಕ ಎಸೆಯಬೇಡಿ

ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ ಇತ್ತು. ಕೊನೆಯ ಗಾಡಿಯ ಅವಧಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಅವು ರಸ್ತೆಯಿಂದ ಇಳಿದವು. ನಮ್ಮ ಕಡೆ ಫಿಯಾಟುಗಳು ಇಳಿದ ಸುದ್ದಿ ಯಾವ ಪೇಪರಿನಲ್ಲೂ ಬರಲಿಲ್ಲ. ಒಂದೊಂದಾಗಿ ಕಣದ ಮೂಲೆ ಸೇರಿದವು, ಮೇಲೆ ಕೋಳಿ ಕೂತವು, ಗುಜರಿಯವನ ತಕ್ಕಡಿ ಏರಿದವು.

ಇನ್ನೂ ಇಟ್ಟುಕೊಂಡವರಿಗೆ ಎರಡು ಮಾತು. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿ ಇದ್ದದ್ದು 5,000ಕ್ಕೆ ಏರಿತು. 20 ವರ್ಷ ದಾಟಿದ ಗಾಡಿಗೆ ಆಮೇಲೆ ಇನ್ನೂ ಏರಿದೆ. 15 ವರ್ಷ ಆಯಿತು ಅಂದರೆ ಕಾರು ಗುಜರಿಗೇ ಹೋಗಬೇಕು ಅನ್ನುವುದು ಸುಳ್ಳು. ಆ ಕಟ್ಟುನಿಟ್ಟು ದೆಹಲಿ ಸುತ್ತಮುತ್ತಲಿನದು. 50 ವರ್ಷ ದಾಟಿದ ಕಾರನ್ನು 2021ರ ನಿಯಮದಂತೆ ‘ವಿಂಟೇಜ್’ ಎಂದು ನೋಂದಾಯಿಸಬಹುದು, ಶುಲ್ಕ 20,000 ರೂಪಾಯಿ. ಆದರೆ ಅಂಥ ಕಾರು ಪ್ರದರ್ಶನಕ್ಕೆ, ರ‍್ಯಾಲಿಗೆ ಮಾತ್ರ. ದಿನಬಳಕೆಗೆ ಓಡಿಸುವಂತಿಲ್ಲ. ಊರಿನ ಬಾಣಂತಿಯರನ್ನು ಹೊತ್ತ ಗಾಡಿಗೆ ಸಿಗುವ ಗೌರವ ಇಷ್ಟು.

ಕಾರು ಉಳಿಸಿಕೊಳ್ಳುವುದು ಎಲ್ಲರಿಗೂ ಆಗುವ ಮಾತಲ್ಲ. ಗುಜರಿಗೆ ಹಾಕುವಾಗ ಆರ್.ಸಿ.ಯನ್ನು ಆರ್.ಟಿ.ಓ.ಗೆ ಒಪ್ಪಿಸಬೇಕು. ಒಪ್ಪಿಸುವ ಮೊದಲು ಆ ಪುಸ್ತಕದ ಪ್ರತಿ ಪುಟದ ಫೋಟೋ ತೆಗೆದಿಡಿ. ಈಗಿನ ಪ್ಲಾಸ್ಟಿಕ್ ಕಾರ್ಡಿನಲ್ಲಿ ಹಿಂದಿನ ಮಾಲೀಕರ ಹೆಸರು ಇರುವುದಿಲ್ಲ. ಹಳೇ ಪುಸ್ತಕದಲ್ಲಿ ಎಲ್ಲರೂ ಇದ್ದಾರೆ. ಅದರಲ್ಲಿ ಇಲ್ಲದವರು, ಅಂದರೆ ಓಡಿಸಿದ ಡ್ರೈವರ್, ಎಂಜಿನು ಇಳಿಸಿದ ಮಿಸ್ತ್ರಿ, ಆ ರಾತ್ರಿ ಹಿಂದಿನ ಸೀಟಿನಲ್ಲಿ ಮಲಗಿ ಹೋದ ಅವ್ವ, ಅವರು ಇನ್ನೂ ಊರಲ್ಲೇ ಇರಬಹುದು. ಮೊಬೈಲು ಕೈಯಲ್ಲೇ ಇದೆ. ಅವರ ಪಕ್ಕ ಕೂತು ಕೇಳಿ, ರೆಕಾರ್ಡ್ ಮಾಡಿಕೊಳ್ಳಿ.