ಡ್ಯುರಾಂಡ್ ಕಪ್

ಡ್ಯುರಾಂಡ್ ಕಪ್ ಭಾರತದಲ್ಲಿ ನಡೆಯುವ, ಆಹ್ವಾನಿತ ತಂಡಗಳ ಫುಟ್‌ಬಾಲ್ ಪಂದ್ಯಾವಳಿ. 1888ರಲ್ಲಿ ಆರಂಭವಾದ ಇದು ಏಷ್ಯಾ ಖಂಡದಲ್ಲಿ ಇಂದಿಗೂ ನಡೆಯುತ್ತಿರುವ ಅತ್ಯಂತ ಹಳೆಯ ಫುಟ್‌ಬಾಲ್ ಪಂದ್ಯಾವಳಿಯಾಗಿದೆ. ದೇಶದ ಪ್ರಮುಖ ಕ್ಲಬ್‌ಗಳು, ಸಶಸ್ತ್ರ ಪಡೆಗಳ ತಂಡಗಳು ಹಾಗೂ ಇತ್ತೀಚೆಗೆ ವಿದೇಶಗಳ ಸೇನಾ ತಂಡಗಳು ಇದರಲ್ಲಿ ಭಾಗವಹಿಸುತ್ತವೆ. 2022ರಲ್ಲಿ ಬೆಂಗಳೂರು ಎಫ್‌ಸಿ ಈ ಕಪ್ಪನ್ನು ಗೆದ್ದುಕೊಂಡಿತು.

ಆರಂಭ

ಬ್ರಿಟಿಷ್ ಭಾರತದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಸರ್ ಹೆನ್ರಿ ಮಾರ್ಟಿಮರ್ ಡ್ಯುರಾಂಡ್ ಈ ಪಂದ್ಯಾವಳಿಯ ಸ್ಥಾಪಕ. 1893ರಲ್ಲಿ ಅಫ್ಘಾನಿಸ್ತಾನದೊಂದಿಗೆ ಗೊತ್ತುಪಡಿಸಲಾದ ಡ್ಯುರಾಂಡ್ ಗಡಿರೇಖೆಗೂ ಇವನ ಹೆಸರೇ ಬಂದಿದೆ. ಸೈನಿಕರ ದೇಹದಾರ್ಢ್ಯ ಮತ್ತು ಮನರಂಜನೆ ಪಂದ್ಯಾವಳಿಯ ಉದ್ದೇಶವಾಗಿತ್ತು. ಶಿಮ್ಲಾದಲ್ಲಿ ನಡೆದ ಮೊದಲ ವರ್ಷದ ಅಂತಿಮ ಪಂದ್ಯದಲ್ಲಿ ರಾಯಲ್ ಸ್ಕಾಟ್ಸ್ ಫ್ಯೂಸಿಲಿಯರ್ಸ್ ತಂಡವು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯನ್ನು 2–1ರಿಂದ ಸೋಲಿಸಿತು. ಮುಂದೆ ಅರ್ಧ ಶತಮಾನದ ಕಾಲ ಕಪ್ ಬ್ರಿಟಿಷ್ ಸೇನಾ ತಂಡಗಳ ಕೈಯಲ್ಲೇ ಹೆಚ್ಚಾಗಿ ಉಳಿಯಿತು.

ಭಾರತೀಯರ ಗೆಲುವು

1940ರಲ್ಲಿ ಪಂದ್ಯಾವಳಿ ದೆಹಲಿಗೆ ಬಂದಿತು. ಆ ವರ್ಷ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವು ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟನ್ನು 2–1ರಿಂದ ಮಣಿಸಿ, ಡ್ಯುರಾಂಡ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡವೆನಿಸಿತು. ಇದಕ್ಕೆ ಮೂರು ವರ್ಷ ಮೊದಲೇ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿಯಲ್ಲಿ ಇಂಥದೇ ಸಾಧನೆ ಮಾಡಿತ್ತು. ಅಂತಿಮ ಪಂದ್ಯದಲ್ಲಿ ಅದು ಸೋಲಿಸಿದ್ದು ಇದೇ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು.

ಯುದ್ಧ ಹಾಗೂ ದೇಶವಿಭಜನೆಯ ವರ್ಷಗಳಲ್ಲಿ ನಿಂತುಹೋಗಿದ್ದ ಪಂದ್ಯಾವಳಿ 1950ರಲ್ಲಿ ಪುನರಾರಂಭವಾಯಿತು. ಆ ವರ್ಷ ಹೈದರಾಬಾದ್ ಸಿಟಿ ಪೊಲೀಸ್ ತಂಡ ವಿಜಯಿಯಾಯಿತು. 17 ಬಾರಿ ಗೆದ್ದಿರುವ ಮೋಹನ್ ಬಾಗಾನ್ ಮತ್ತು 16 ಬಾರಿ ಗೆದ್ದಿರುವ ಈಸ್ಟ್ ಬೆಂಗಾಲ್ ಅತ್ಯಂತ ಯಶಸ್ವಿ ತಂಡಗಳು.

ಪಾರಿತೋಷಕಗಳು

ವಿಜೇತರಿಗೆ ಡ್ಯುರಾಂಡ್ ಕಪ್, ಶಿಮ್ಲಾ ಟ್ರೋಫಿ ಮತ್ತು ರಾಷ್ಟ್ರಪತಿ ಕಪ್ ಎಂಬ ಮೂರು ಪಾರಿತೋಷಕಗಳು ಸಲ್ಲುತ್ತವೆ. ಮೊದಲೆರಡು ಪರ್ಯಾಯ ಪಾರಿತೋಷಕಗಳು. ಶಿಮ್ಲಾ ಟ್ರೋಫಿ ಆ ಊರಿನ ನಾಗರಿಕರ ಕೊಡುಗೆ. ರಾಷ್ಟ್ರಪತಿ ಕಪ್ ಗೆದ್ದ ತಂಡದಲ್ಲೇ ಉಳಿಯುತ್ತದೆ.

ಕರ್ನಾಟಕದ ತಂಡಗಳು

2021ರಲ್ಲಿ ಬೆಂಗಳೂರು ಎಫ್‌ಸಿ ಮತ್ತು ಎಫ್‌ಸಿ ಬೆಂಗಳೂರು ಯುನೈಟೆಡ್ ಎರಡೂ ಉಪಾಂತ್ಯ ತಲುಪಿ, ಅಲ್ಲಿ ಸೋತವು. ಮರುವರ್ಷ ಸೆಪ್ಟೆಂಬರ್ 18ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ, ಸುನಿಲ್ ಛೆಟ್ರಿ ನಾಯಕತ್ವದ ಬೆಂಗಳೂರು ಎಫ್‌ಸಿ ಮುಂಬಯಿ ಸಿಟಿ ತಂಡವನ್ನು 2–1ರಿಂದ ಸೋಲಿಸಿ ಪ್ರಶಸ್ತಿ ಪಡೆಯಿತು. ಶಿವಶಕ್ತಿ ನಾರಾಯಣನ್ ಮತ್ತು ಅಲನ್ ಕೋಸ್ಟಾ ಗೋಲು ಗಳಿಸಿದರು. 2024ರ ಉಪಾಂತ್ಯದಲ್ಲಿ ಇದೇ ತಂಡ ಎರಡು ಗೋಲುಗಳಿಂದ ಮುಂದಿದ್ದೂ ಪೆನಾಲ್ಟಿ ಶೂಟೌಟ್‌ನಲ್ಲಿ ಮೋಹನ್ ಬಾಗಾನ್‌ಗೆ ಶರಣಾಯಿತು.

ಆಹ್ವಾನದ ಪದ್ಧತಿ

ಇಲ್ಲಿ ಅರ್ಹತಾ ಸುತ್ತುಗಳಿಂದಲ್ಲ, ಸಂಘಟಕರ ಆಹ್ವಾನದಿಂದ ಪ್ರವೇಶ ದೊರೆಯುತ್ತದೆ. ಆದ್ದರಿಂದಲೇ ಸೇನಾ ತಂಡಗಳಿಗೆ ದೇಶದ ಅಗ್ರ ಕ್ಲಬ್‌ಗಳೊಡನೆ ಸೆಣಸುವ ಅವಕಾಶವಿದೆ. 2023ರಲ್ಲಿ ನೇಪಾಳದ ತ್ರಿಭುವನ್ ಆರ್ಮಿ ಹಾಗೂ ಬಾಂಗ್ಲಾದೇಶ ಸೇನಾ ತಂಡಗಳು ಬಂದವು. ಬಾಂಗ್ಲಾ ತಂಡ ಈಸ್ಟ್ ಬೆಂಗಾಲ್ ಎದುರು 2–2ರ ಸಮಬಲ ಸಾಧಿಸಿತು. 2025ರಲ್ಲಿ ಮಲೇಷ್ಯಾದ ಸಶಸ್ತ್ರ ಪಡೆಗಳ ತಂಡ ಆಡಿತು.

ಆದರೆ ಆಹ್ವಾನವನ್ನು ಒಲ್ಲೆನ್ನಲೂ ಕ್ಲಬ್‌ಗಳಿಗೆ ಸಾಧ್ಯ. ಇಂಡಿಯನ್ ಸೂಪರ್ ಲೀಗ್‌ನ ಭವಿಷ್ಯವೇ ಅನಿಶ್ಚಿತವಾಗಿದ್ದ 2025ರಲ್ಲಿ ಆ ಲೀಗ್‌ನ ಆರು ತಂಡಗಳಷ್ಟೇ ಪಾಲ್ಗೊಂಡವು. ಬೆಂಗಳೂರು ಎಫ್‌ಸಿ ಅವುಗಳಲ್ಲಿರಲಿಲ್ಲ. ಬೆಂಗಳೂರಿನ ಸೌತ್ ಯುನೈಟೆಡ್ ಆ ವರ್ಷ ಕಣಕ್ಕಿಳಿದು, ಉದ್ಘಾಟನಾ ಪಂದ್ಯದಲ್ಲಿ ಈಸ್ಟ್ ಬೆಂಗಾಲ್‌ಗೆ 0–5ರಿಂದ ಸೋತಿತು. ಅಂತಿಮ ಪಂದ್ಯದಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ತಂಡವು ಡೈಮಂಡ್ ಹಾರ್ಬರ್ ತಂಡವನ್ನು 6–1ರಿಂದ ಸೋಲಿಸಿ, ಸತತ ಎರಡನೆಯ ಬಾರಿಗೆ ಕಪ್ ತನ್ನದಾಗಿಸಿಕೊಂಡಿತು.