ಟಿ.ಸಿ. ಎಂಬ ಹಾಳೆ

"ಟಿ.ಸಿ. ಕೊಟ್ಟು ಕಳಿಸಿಬಿಡ್ತೀನಿ ನೋಡು!" ಈ ಮಾತು ಕಿವಿಗೆ ಬೀಳದೆ ಶಾಲೆ ಮುಗಿಸಿದವರು ನಮ್ಮಲ್ಲಿ ಕಡಿಮೆ. ಬೆತ್ತಕ್ಕೆ ಬಗ್ಗದ ಹುಡುಗರೂ ಇದಕ್ಕೆ ತಣ್ಣಗಾಗುತ್ತಿದ್ದರು. ಬೆತ್ತದ ಬರೆ ಎರಡು ದಿನಕ್ಕೆ ಮಾಯುತ್ತದೆ. ಶಾಲೆಯಿಂದ ಹೊರಗೆ ಹಾಕಿದ ಸುದ್ದಿ ಮಾತ್ರ ಊರೆಲ್ಲ ಸುತ್ತಿ ಮನೆಗೆ ಬರುತ್ತದೆ.

ಇಂಗ್ಲಿಷರು ಇದಕ್ಕೆ 'ರಸ್ಟಿಕೇಟ್' ಎನ್ನುತ್ತಿದ್ದರು. ಲ್ಯಾಟಿನ್ ಭಾಷೆಯಲ್ಲಿ 'ರಸ್' ಎಂದರೆ ಹಳ್ಳಿಗಾಡು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ತಪ್ಪು ಮಾಡಿದ ವಿದ್ಯಾರ್ಥಿಯನ್ನು ಕೆಲಕಾಲ ಊರಿಗೆ ಅಟ್ಟುತ್ತಿದ್ದರು; ಅವಧಿ ಮುಗಿದರೆ ಅವನು ಮರಳಿ ಬರಬಹುದಿತ್ತು. ಕಾಯಂ ಆಗಿ ಹೆಸರು ತೆಗೆಯುವುದು ಬೇರೆಯೇ ಶಿಕ್ಷೆ. ನಮ್ಮ ಬಾಯಲ್ಲಿ ಎರಡೂ 'ಡಿಬಾರ್' ಆಗಿ ಒಂದಾದವು.

ಘೋರ ತಪ್ಪು ಯಾವುದು ಎಂದು ಹೇಳುವವರು ಯಾರು? 1905ರ ಅಕ್ಟೋಬರಿನಲ್ಲಿ ಬಂಗಾಳ ಸರ್ಕಾರ ಹೊರಡಿಸಿದ ಕಾರ್ಲೈಲ್ ಸುತ್ತೋಲೆಯ ಪ್ರಕಾರ ಸ್ವದೇಶಿ ಚಳವಳಿಗೆ ಸೇರುವುದೇ ತಪ್ಪು. ವಿದ್ಯಾರ್ಥಿಗಳನ್ನು ತಡೆಯದ ಶಾಲೆಗೆ ಅನುದಾನ ನಿಲ್ಲುತ್ತದೆ ಎಂಬ ಬೆದರಿಕೆಯೂ ಅದರಲ್ಲಿತ್ತು. ರಂಗಪುರದ ಜನ ಶಿಕ್ಷೆಗೊಳಗಾದ ಮಕ್ಕಳಿಗಾಗಿ ಮರುತಿಂಗಳೇ ತಮ್ಮದೇ ರಾಷ್ಟ್ರೀಯ ಶಾಲೆ ತೆರೆದರು.

1916ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓಟನ್ ಎಂಬ ಪ್ರಾಧ್ಯಾಪಕರನ್ನು ಹುಡುಗರು ಹೊಡೆದರು. ಅವರು ವಿದ್ಯಾರ್ಥಿಗಳ ಮೇಲೆ ಕೈ ಮಾಡಿದ್ದರೆಂಬ ದೂರು ಮೊದಲೇ ಇತ್ತು. ಕಾಲೇಜಿನಿಂದ ಹೊರಬಿದ್ದವರಲ್ಲಿ 19 ವರ್ಷದ ಸುಭಾಷ್‌ಚಂದ್ರ ಬೋಸ್ ಒಬ್ಬರು. ಅವರು ಕಟಕ್‌ಗೆ ಹೋಗಿ ಕಾಲರಾ, ಸಿಡುಬಿನ ರೋಗಿಗಳ ಶುಶ್ರೂಷೆ ಮಾಡಿದರು. 1917ರಲ್ಲಿ ಸ್ಕಾಟಿಷ್ ಚರ್ಚ್ ಕಾಲೇಜು ಸೇರಿದರು. 1919ರಲ್ಲಿ ತತ್ವಶಾಸ್ತ್ರದಲ್ಲಿ ಮೊದಲ ದರ್ಜೆ ಪಡೆದರು. ಗುರುವಿನ ಮೇಲೆ ಕೈ ಎತ್ತುವುದನ್ನು ನಾನು ಸರಿ ಎನ್ನಲಾರೆ. ಆದರೆ ಬೋಸರ ಬೆನ್ನಿಗೆ ವಕೀಲ ತಂದೆಯ ಮನೆಯಿತ್ತು, ಮುಂದೆ ಇನ್ನೊಂದು ಕಾಲೇಜಿತ್ತು. ಎಲ್ಲ ಮಕ್ಕಳಿಗೂ ಅಂಥ ಭಾಗ್ಯ ಎಲ್ಲಿ?

ಸ್ವಾತಂತ್ರ್ಯ ಬಂದ ಮೇಲೆ ಹಳೆಯ ಅಭ್ಯಾಸಗಳು ಕೋರ್ಟಿನ ಮೆಟ್ಟಿಲೇರಿದವು. ಉತ್ತರ ಪ್ರದೇಶದ ಪರೀಕ್ಷಾ ಮಂಡಳಿ 1954ರಲ್ಲಿ ಪಾಸಾಗಿದ್ದ ಮೂವರ ಫಲಿತಾಂಶವನ್ನು ನಕಲಿನ ಆರೋಪದ ಮೇಲೆ ರದ್ದು ಮಾಡಿ, ಮುಂದಿನ ವರ್ಷದ ಪರೀಕ್ಷೆಗೂ ಡಿಬಾರ್ ಮಾಡಿತು. ಅವರನ್ನು ಒಂದು ಮಾತೂ ಕೇಳಲಿಲ್ಲ. ಆರೋಪ ತಿಳಿಸಿ ಉತ್ತರ ಕೇಳಿದ ಮೇಲಷ್ಟೇ ಶಿಕ್ಷೆ ಎಂದು ಸುಪ್ರೀಂ ಕೋರ್ಟು 1962ರಲ್ಲಿ ಹೇಳಿತು.

1985ರ ಜುಲೈನಲ್ಲಿ ಕೇರಳದ ಒಂದು ಶಾಲೆ ಮೂವರು ಒಡಹುಟ್ಟಿದ ಮಕ್ಕಳನ್ನು ಹೊರಹಾಕಿತು. ರಾಷ್ಟ್ರಗೀತೆಯ ಹೊತ್ತಿಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಮತದ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರಿದ್ದ ಪೀಠ 1986ರ ಆಗಸ್ಟಿನಲ್ಲಿ ಅವರನ್ನು ಮತ್ತೆ ಸೇರಿಸಿಕೊಳ್ಳಲು ಆದೇಶಿಸಿತು.

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ ಎಂದು ಅದರ 16ನೇ ಕಲಮು ಹೇಳುತ್ತದೆ. 2019ರ ತಿದ್ದುಪಡಿ ಮಕ್ಕಳನ್ನು ನಪಾಸು ಮಾಡಲು ದಾರಿ ಬಿಟ್ಟಿತೇ ಹೊರತು ಹೊರಹಾಕಲು ಬಿಡಲಿಲ್ಲ. ಆದರೆ ಒಂಬತ್ತು, ಹತ್ತನೆಯ ತರಗತಿಯವರಿಗೆ ಆ ಕಲಮಿನ ಆಸರೆ ಇಲ್ಲ.

ನನ್ನ ಚಿಂತೆ ಇರುವುದು ಅಲ್ಲಿಯೇ. ಚಾಕು ತರುವವರು, ಚಿಕ್ಕವರನ್ನು ಹಿಂಸಿಸುವವರು ಇದ್ದಾರೆ. ಉಳಿದ ಮಕ್ಕಳನ್ನು ಕಾಯುವುದೂ ನಮ್ಮ ಹೊಣೆಯೇ. ಆದರೆ ಶಿಕ್ಷೆಯ ಕಾಗದ ಒಂದೇ ಆದರೂ ಅದರ ಭಾರ ಒಂದೇ ಅಲ್ಲ. ಒಂಬತ್ತನೆಯ ತರಗತಿಯ ಹುಡುಗನಿಗೆ ಟಿ.ಸಿ. ಕೊಟ್ಟರೆ ಅಪ್ಪ ನಾಲ್ಕು ಬೈದು ಪಕ್ಕದೂರಿನ ಶಾಲೆಗೆ ಸೇರಿಸುತ್ತಾನೆ. ಹುಡುಗಿಗೆ ಕೊಟ್ಟರೆ ಎಷ್ಟೋ ಮನೆಗಳಲ್ಲಿ ಓದು ಅಲ್ಲಿಗೇ ನಿಲ್ಲುತ್ತದೆ. ಒಂದು ಚೀಟಿಗೆ, ಒಂದು ಗಾಳಿಮಾತಿಗೆ ಹಾಗೆ ನಿಂತದ್ದನ್ನು ನೋಡಿದ್ದೇನೆ. ಆಮೇಲೆ ಗಂಡು ನೋಡುವ ಮಾತು ಶುರುವಾಗುತ್ತದೆ.

ಆದ್ದರಿಂದ ಅಮ್ಮಂದಿರಿಗೆ ಒಂದು ಮಾತು. ಶಾಲೆಯಿಂದ ಕರೆ ಬಂದಾಗ ನಾಚಿಕೆಯಿಂದ ತಲೆ ತಗ್ಗಿಸಿ ಟಿ.ಸಿ. ತೆಗೆದುಕೊಂಡು ಬರಬೇಡಿ. ಆರೋಪವೇನು, ಬರವಣಿಗೆಯಲ್ಲಿ ಕೊಡಿ ಎನ್ನಿ. ಮಗಳ ಮಾತನ್ನು ಅವಳ ಬಾಯಿಂದಲೇ ಕೇಳಿದ್ದೀರಾ ಎಂದು ವಿಚಾರಿಸಿ. ಹಾಗೆ ಕೇಳುವುದು ಉದ್ಧಟತನವಲ್ಲ.