ಶಿಷ್ಯತ್ವ ಮತ್ತು ಸಂಶಯ: ಉತ್ತಂಗಿ ಚನ್ನಪ್ಪನವರ ನೆಲೆ

ಬೆಂಗಳೂರಿನ ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು 1949ರ ಕಲಬುರ್ಗಿ ಸಮ್ಮೇಳನದ ಅಧ್ಯಕ್ಷ ಪೀಠವನ್ನು ಬಾಸೆಲ್ ಮಿಶನ್ನಿನ ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರಿಗೆ (1881–1962) ನೀಡಿತು. ಈ ಮನ್ನಣೆಯ ಹಿಂದೆ ದೀರ್ಘಕಾಲದ ಸಹನೆಯಿತ್ತು. ಜನರ ಬಾಯಿಂದಲೂ ಹಸ್ತಪ್ರತಿಗಳಿಂದಲೂ ಅವರು ಸಂಗ್ರಹಿಸಿದ ಸರ್ವಜ್ಞನ ವಚನಗಳು 1924ರಲ್ಲಿ ಪ್ರಕಟವಾದವು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಕೃತಿಯಲ್ಲಿ ಭಾರತೀಯರು ತಮ್ಮ ಪರಂಪರೆಯ ಮೂಲಕವೇ ಕ್ರಿಸ್ತನನ್ನು ಸಮೀಪಿಸಬಹುದೆಂದು ಅವರು ಪ್ರತಿಪಾದಿಸಿದಾಗ, ಸಂಶಯ ಮೂಡಿದುದು ಸ್ವಂತ ಸಭೆಯಲ್ಲಿಯೇ. ಆದರೂ ಅವರು ಕ್ರಿಸ್ತನನ್ನು ತೊರೆಯಲಿಲ್ಲ, ಶರಣರನ್ನೂ ತೊರೆಯಲಿಲ್ಲ. ‘ಅನುಭವ ಮಂಟಪದ ಐತಿಹಾಸಿಕತೆ’ 1951ರಲ್ಲಿ ಹೊರಬಂದಿತು. ಕ್ರೈಸ್ತನಾಗುವುದೆಂದರೆ ನಾಡನುಡಿಯಿಂದ ದೂರವಾಗುವುದೆಂಬ ಗ್ರಹಿಕೆಯನ್ನು ಅವರ ಬದುಕು ಅಲ್ಲಗಳೆಯುತ್ತದೆ. ‘ತಿರುಳ್ಗನ್ನಡದ ತಿರುಕ’ರೆಂದು ಹೆಸರಾದ ಅವರಲ್ಲಿ ಶಿಷ್ಯತ್ವವು ಜನರೆದುರು ಕೈಯೊಡ್ಡಿ ಕಲಿಯುವ ವಿನಯವಾಗಿತ್ತು.